ಕಲ್ಲಿನಡಿಯ ಜೀವಿಗಳು, ಹೊಳೆಯ ಮೀನುಗಳು



ವಿಷಯ ನಮ್ಮ ಸೀಮೆಯದಾಗಿರಲಿ, ವಿಜ್ಞಾನ ಓದದವರಿಗೂ ತಿಳಿಯುವಂತಿರಲಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದ್ದರು. ಆ ಮಾತಿಗೆ ಒಪ್ಪಿ ನಾನು ಆರಿಸಿಕೊಂಡದ್ದು ಹೊಳೆಯ ತಳವನ್ನು. ತುಂಗೆ, ಭದ್ರೆ, ಶರಾವತಿ, ನೇತ್ರಾವತಿ, ಕಾವೇರಿಯ ಮೇಲುಭಾಗ ಹಾಗೂ ಇವನ್ನು ಬಂದು ಸೇರುವ ಅಸಂಖ್ಯ ಹಳ್ಳಗಳು ನನ್ನ ಮಾತಿನ ಎಲ್ಲೆ. ಸಮುದ್ರದ ಮೀನು, ಕೆರೆಯ ಮೀನುಗಾರಿಕೆ, ಸಾಕಣೆ ಕೊಳಗಳ ವಿಚಾರಕ್ಕೆ ಹೋಗುವುದಿಲ್ಲ. ಅವು ಬೇರೆಯೇ ಲೋಕಗಳು.

ನದಿಯ ಮಾತು ಬಂದರೆ ನಾವು ಟಿಎಂಸಿ ಲೆಕ್ಕ ಹೇಳುತ್ತೇವೆ, ಕ್ಯೂಸೆಕ್ ಲೆಕ್ಕದಲ್ಲಿ ಜಗಳವಾಡುತ್ತೇವೆ. ಮೀನಿನ ಮಾತು ಬಂದರೆ ಎಷ್ಟು ಲಕ್ಷ ಮರಿ ಬಿತ್ತನೆ ಮಾಡಿದೆವು ಎನ್ನುತ್ತೇವೆ. ನೀರಿಗೂ ಮೀನಿಗೂ ನಡುವೆ ಇರುವ ಒಂದು ಕೊಂಡಿ ಈ ಎರಡು ಲೆಕ್ಕಗಳಲ್ಲೂ ಸಿಗುವುದಿಲ್ಲ. ತಳದ ಕಲ್ಲು, ಮರಳು, ಕೊಳೆತ ಎಲೆಗಳ ನಡುವೆ ಬದುಕುವ ಬೆನ್ನೆಲುಬಿಲ್ಲದ ಜೀವಿಗಳೇ ಆ ಕೊಂಡಿ. ನಮ್ಮ ನಾಡಿನ ಮೂಲನಿವಾಸಿ ಮೀನುಗಳಲ್ಲಿ ಹೆಚ್ಚಿನವು ಬದುಕಿನ ಯಾವುದಾದರೊಂದು ಹಂತದಲ್ಲಿ ಈ ಜೀವಿಗಳನ್ನು ತಿಂದೇ ಬೆಳೆಯುತ್ತವೆ. ತಳ ಕೆಟ್ಟ ಮೇಲೆ ಎಷ್ಟು ಮರಿ ಬಿಟ್ಟರೂ ಹೊಳೆಯ ಮೀನು ಉಳಿಯದು ಎಂಬುದು ನನ್ನ ವಾದ. ಇದನ್ನು ನಾಲ್ಕು ಭಾಗಗಳಲ್ಲಿ ಹೇಳುತ್ತೇನೆ. ತಳದಲ್ಲಿ ಯಾರಿದ್ದಾರೆ, ಮೀನು ಅವರನ್ನು ಹೇಗೆ ಹಿಡಿಯುತ್ತದೆ, ಅವರ ಹೊಟ್ಟೆಗೆ ಏನು ಹೋಗುತ್ತದೆ, ಈ ಏರ್ಪಾಡು ಎಲ್ಲಿ ಮುರಿಯುತ್ತಿದೆ ಎಂಬವೇ ಆ ನಾಲ್ಕು. ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಕೊನೆಯದಕ್ಕೆ ಹೆಚ್ಚು ಹೊತ್ತು ಬೇಕು.

ಮೊದಲ ಭಾಗಕ್ಕೆ ಬರೋಣ. ಮಳೆಗಾಲದ ಅಬ್ಬರವೆಲ್ಲ ಇಳಿದು ಹಳ್ಳದ ನೀರು ತಿಳಿಯಾಗಿರುವ ಡಿಸೆಂಬರ್, ಜನವರಿಯಲ್ಲಿ, ನೀರು ಕಲ್ಲುಗಳ ನಡುವೆ ನೊರೆಯೆದ್ದು ಓಡುವ ಜಾಗದಿಂದ ಅಂಗೈಯಗಲದ ಒಂದು ಕಲ್ಲನ್ನು ಎತ್ತಿ ಮಗುಚಿ ನೋಡಿ. ಬಾಲದ ತುದಿಯಲ್ಲಿ ಮೂರು ಎಳೆಗಳಿರುವ ಚಪ್ಪಟೆ ಹುಳುವೊಂದು ಏಡಿಯಂತೆ ಅಡ್ಡಡ್ಡ ಸರಿದು ಕಲ್ಲಿನ ಇನ್ನೊಂದು ಮಗ್ಗುಲಿಗೆ ಓಡುತ್ತದೆ. ಅದು ಮೇಫ್ಲೈ ಎಂಬ ಕೀಟದ ಮರಿ. ಅದರ ಹೊಟ್ಟೆಯ ಎರಡೂ ಪಕ್ಕದಲ್ಲಿ ಎಲೆಯಂಥ ಕಿವಿರುಗಳು ಮಿಡಿಯುತ್ತಿರುತ್ತವೆ. ಬಾಲದಲ್ಲಿ ಎರಡೇ ಎಳೆಗಳಿದ್ದು ದೇಹ ಗಟ್ಟಿಮುಟ್ಟಾಗಿದ್ದರೆ ಅದು ಸ್ಟೋನ್‌ಫ್ಲೈ ಮರಿಯಾಗಿರುವ ಸಂಭವ ಹೆಚ್ಚು. ನಮ್ಮ ಘಟ್ಟಗಳಲ್ಲಿ ಸಿಗುವ ಸ್ಟೋನ್‌ಫ್ಲೈಗಳು ಬಹುಮಟ್ಟಿಗೆ ಬೇಟೆಗಾರರು. ಮರಳಿನ ಕಣಗಳನ್ನೋ ಎಲೆಯ ಚೂರುಗಳನ್ನೋ ತನ್ನದೇ ರೇಷ್ಮೆಯಿಂದ ಅಂಟಿಸಿ ಗೂಡು ಕಟ್ಟಿಕೊಂಡು, ಆ ಗೂಡನ್ನು ಎಳೆದುಕೊಂಡೇ ಓಡಾಡುವುದು ಕ್ಯಾಡಿಸ್ ಕೀಟದ ಮರಿ. ಇದರ ಕುಲದಲ್ಲೇ ಇನ್ನು ಕೆಲವು ಗೂಡಿನ ತಂಟೆಗೆ ಹೋಗದೆ ಎರಡು ಕಲ್ಲುಗಳ ನಡುವೆ ಸಣ್ಣ ಬಲೆ ನೇಯ್ದು, ಹರಿವಿನಲ್ಲಿ ಬಂದುದನ್ನು ಸೋಸಿ ತಿನ್ನುತ್ತವೆ. ಕಲ್ಲಿಗೆ ನಾಣ್ಯದಂತೆ ಮೆತ್ತಿಕೊಂಡಿರುವುದು ಒಂದು ಬಗೆಯ ಜೀರುಂಡೆಯ ಮರಿ. ಏರೋಪ್ಲೇನ್ ಚಿಟ್ಟೆಯ ಮರಿಗಳೂ ಇಲ್ಲೇ ಇವೆ. ಆಕಾಶದಲ್ಲಿ ಅಷ್ಟು ಚೆಂದ ಹಾರುವ ಜೀವಿ ಬಾಲ್ಯವನ್ನೆಲ್ಲ ಕೆಸರಿನಲ್ಲಿ ಕಳೆಯುತ್ತದೆ.

ಇವಿಷ್ಟು ಕೀಟಗಳಾದವು. ಮರಳು ಮತ್ತು ಸಣ್ಣ ಕೆಸರಿರುವ ನಿಧಾನ ಹರಿವಿನಲ್ಲಿ ನೊರಜಿನ ಜಾತಿಯ ಕೈರೊನೊಮಿಡ್ ಹುಳುಗಳು, ತೆಳ್ಳನೆಯ ಕೆಂಪು ಎರೆಹುಳುಗಳು, ಜಿಗಣೆಗಳು ಇರುತ್ತವೆ. ಕಲ್ಲಿನ ಮೇಲೆ ಪಾಚಿ ಹೆರೆದು ತಿನ್ನುವ ಬಸವನಹುಳುಗಳು, ಮರಳಿನಲ್ಲಿ ಅರ್ಧ ಹೂತುಕೊಂಡ ಕಪ್ಪೆಚಿಪ್ಪುಗಳು, ಸೀಗಡಿ ಮತ್ತು ಏಡಿಗಳನ್ನು ನಾನು ಪರಿಚಯಿಸಬೇಕಾಗಿಲ್ಲ. ಮಲೆನಾಡಿನ ಅಡುಗೆಮನೆಗಳಿಗೆ ಅವು ಪ್ರಾಣಿಶಾಸ್ತ್ರಕ್ಕಿಂತ ಮೊದಲೇ ಪರಿಚಿತ. ಕೂಣಿ ಹಾಕಿ ಏಡಿ ಹಿಡಿದವರಿಗೆ ಯಾವ ಕಲ್ಲಿನ ಕೆಳಗೆ ಏನಿದೆ ಎಂಬ ಜ್ಞಾನ ನಮ್ಮ ಪಠ್ಯಪುಸ್ತಕಗಳಿಗಿಂತ ಹೆಚ್ಚು ಖಚಿತವಾಗಿರುತ್ತದೆ.

ಈ ಪಟ್ಟಿಯಲ್ಲಿ ಒಬ್ಬರನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸಾಮಾನ್ಯವಾಗಿ ಸಿಹಿನೀರಿನ ಕಪ್ಪೆಚಿಪ್ಪು ತನ್ನ ಪಾದವನ್ನು ಮರಳಿಗೆ ಊರಿ ನಿಧಾನವಾಗಿ ಜರುಗುತ್ತದೆ. ನಮ್ಮ ತುಂಗಭದ್ರಾ ಸೀಮೆಯ ಹೊಳೆಗಳಲ್ಲಿ ಬಂಡೆಗೆ ಅಂಟಿಕೊಂಡು, ಜೀವಮಾನವಿಡೀ ಅಲ್ಲಿಂದ ಕದಲದೆ ಬೆಳೆಯುವ ಚಿಪ್ಪಿನ ಪ್ರಾಣಿಯೊಂದಿದೆ. 1898ರಲ್ಲಿ ಬ್ರಿಟಿಷ್ ವಿಜ್ಞಾನಿ ಇ. ಎ. ಸ್ಮಿತ್ ಅದನ್ನು ಮೊದಲು ವರ್ಣಿಸಿದರು. ಇಂದಿನ ಹೆಸರು ಸ್ಯೂಡೊಮುಲ್ಲೇರಿಯಾ ಡಾಲಿ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಪ್ರಾಣಿ ಈಗ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹುಲಿಯ ಚಿತ್ರವನ್ನು ಸರ್ಕಾರಿ ಕ್ಯಾಲೆಂಡರಿನಲ್ಲಿ ನೋಡುತ್ತೇವೆ; ಇದರ ಚಿತ್ರವನ್ನು ಈ ಸಭೆಯಲ್ಲಿರುವ ಎಷ್ಟು ಜನ ನೋಡಿದ್ದೀರೋ ಕಾಣೆ.

ಈಗ ಎರಡನೆಯ ಭಾಗ: ಮೀನು ಇವರನ್ನು ಹಿಡಿಯುವ ಬಗೆ. ಮೀನಿನ ಬಾಯಿ ನೋಡಿದರೆ ಅದರ ಊಟದ ತಟ್ಟೆ ಎಲ್ಲಿದೆ ಎಂದು ಹೇಳಬಹುದು. ಬಾಯಿ ಮೇಲ್ಮುಖವಾಗಿದ್ದರೆ ಅದು ನೀರಿನ ಮೇಲ್ಪದರದಲ್ಲಿ ತಿನ್ನುವ ಮೀನು. ನಮ್ಮ ಹೊಳೆಗಳ ಬಹಳಷ್ಟು ಮೀನುಗಳಿಗೆ ಬಾಯಿ ಮೂತಿಯ ಕೆಳಭಾಗದಲ್ಲಿರುತ್ತದೆ, ಅಕ್ಕಪಕ್ಕದಲ್ಲಿ ಮೀಸೆಗಳಿರುತ್ತವೆ. ಆ ಮೀಸೆ ಅಲಂಕಾರಕ್ಕಲ್ಲ. ಅದರ ಚರ್ಮದಲ್ಲಿ ರುಚಿಯ ಮೊಗ್ಗುಗಳಿವೆ. ಕಣ್ಣು ಕೆಲಸ ಮಾಡದ ಕದಡು ನೀರಿನಲ್ಲೂ, ಅಮಾವಾಸ್ಯೆಯ ಕತ್ತಲಲ್ಲೂ ಮೀನು ತಳವನ್ನು ಮೀಸೆಯಿಂದ ತಡವಿ, ಕಲ್ಲಾವುದು ಹುಳುವಾವುದು ಎಂದು ರುಚಿಯಿಂದಲೇ ತಿಳಿಯುತ್ತದೆ. ಮುಳ್ಳಿನ ಬೆನ್ನಿನ ಹಾವುಮೀನು ಹಗಲೆಲ್ಲ ಮರಳಿನಲ್ಲಿ ಹುದುಗಿದ್ದು ರಾತ್ರಿ ಹೊರಟು, ಉದ್ದ ಮೂತಿಯನ್ನು ಕಲ್ಲಿನ ಸಂದಿಗಳಿಗೆ ತೂರಿಸಿ ಹುಳುಗಳನ್ನೂ ಸೀಗಡಿ ಮರಿಗಳನ್ನೂ ಎಳೆದು ತಿನ್ನುತ್ತದೆ.

ಮಹಸೀರ್ ಮೀನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಶೃಂಗೇರಿಯ ಘಟ್ಟದಲ್ಲಿ ನಿಂತು ಮಂಡಕ್ಕಿ ಎಸೆದವರೆಲ್ಲ ಈ ಬಳಗದ ಮೀನುಗಳನ್ನು ಹತ್ತಿರದಿಂದ ನೋಡಿದ್ದೀರಿ. ಅದರ ದವಡೆಯಲ್ಲಿ ಒಂದು ಹಲ್ಲೂ ಇಲ್ಲ. ತುಟಿ ದಪ್ಪ, ಮೆತ್ತಗೆ. ಆದರೂ ಅದು ಏಡಿಯನ್ನು, ಬಸವನಹುಳುವನ್ನು ಚಿಪ್ಪುಸಹಿತ ತಿನ್ನಬಲ್ಲದು. ಅದರ ಹಲ್ಲುಗಳು ಗಂಟಲಿನಲ್ಲಿವೆ. ಕಿವಿರುಗಳ ಹಿಂದಿರುವ ಕೊನೆಯ ಕಮಾನಿನ ಮೂಳೆಯ ಮೇಲೆ ಸಾಲಾಗಿ ಕುಳಿತ ಹಲ್ಲುಗಳು ತಲೆಬುರುಡೆಯ ಅಡಿಯಲ್ಲಿರುವ ಗಡುಸಾದ ಮೆತ್ತೆಗೆ ಒತ್ತಿ, ನಡುವೆ ಸಿಕ್ಕಿದ್ದನ್ನು ಪುಡಿಮಾಡುತ್ತವೆ. ಕಾರ್ಪ್ ಕುಟುಂಬದ ಮೀನುಗಳಿಗೆಲ್ಲ ಇದೇ ವ್ಯವಸ್ಥೆ. ಗಂಟಲ ಹಲ್ಲಿನ ಆಕಾರ ಮಾತ್ರ ಊಟಕ್ಕೆ ತಕ್ಕಂತೆ ಬದಲಾಗುತ್ತದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ ಗಾಳದ ಬೇಟೆಯ ಪುಸ್ತಕ. ಆದರೆ ಗಾಳ ಹಾಕುವವನು ಮೊದಲು ಮೀನಿನ ಊಟ ತಿಳಿಯಬೇಕಲ್ಲ. ನಮ್ಮ ನಾಡಿನ ಮಹಸೀರ್ ಏನು ತಿನ್ನುತ್ತದೆ ಎಂಬ ಕುತೂಹಲ ವಿಜ್ಞಾನದ ಪ್ರಯೋಗಶಾಲೆಗಿಂತ ಮೊದಲು ಬೇಟೆಗಾರರ ಬರಹದಲ್ಲಿ ಕಾಣಿಸಿಕೊಂಡದ್ದು ಹೀಗೆ.

ಮಹಸೀರ್ ಕೇವಲ ಹುಳು ತಿನ್ನುವ ಮೀನಲ್ಲ ಎಂದೂ ಹೇಳಬೇಕು. ದಡದ ಅತ್ತಿ, ನೇರಳೆ ಮರಗಳಿಂದ ಉದುರಿದ ಹಣ್ಣು, ಪಾಚಿ, ಸಣ್ಣ ಮೀನು ಯಾವುದನ್ನೂ ಬಿಡುವುದಿಲ್ಲ. ಆದರೆ ಬೆರಳುದ್ದದ ಮರಿಗೆ ಅತ್ತಿಹಣ್ಣು ನುಂಗಲು ಆಗುವುದಿಲ್ಲ, ಏಡಿ ಪುಡಿಮಾಡಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಕೈರೊನೊಮಿಡ್ ಹುಳು, ಮೇಫ್ಲೈ ಮರಿಗಳಂಥ ಮೆತ್ತನೆಯ ಸಣ್ಣ ತುತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥ ಮೀನೂ ಒಂದು ಕಾಲಕ್ಕೆ ಅಕ್ಕಿಕಾಳಿಗಿಂತ ಸಣ್ಣ ಹುಳುಗಳನ್ನು ಹೆಕ್ಕಿ ತಿಂದು ಮೇಲೆದ್ದದ್ದೇ.

ದೊಡ್ಡ ಮೀನುಗಳ ಮೋಹದಲ್ಲಿ ಸಣ್ಣವನ್ನು ಮರೆಯಬಾರದು. ಜಲಪಾತದ ಬುಡದಲ್ಲಿ, ಕಡಿದಾದ ಹಳ್ಳಗಳಲ್ಲಿ ಬೆರಳುದ್ದವೂ ಇಲ್ಲದ ಮೀನುಗಳಿವೆ. ಚಪ್ಪಟೆ ಹೊಟ್ಟೆ, ಅಗಲಿಸಿದ ಈಜುರೆಕ್ಕೆ, ಕೆಲವಕ್ಕೆ ಎದೆಯಲ್ಲಿ ಬಂಡೆಗೆ ಕಚ್ಚಿ ನಿಲ್ಲುವ ಸುಕ್ಕುಗಟ್ಟಿದ ಪಟ್ಟಿ. ಮುಂದೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾದ ಸುಂದರ್ ಲಾಲ್ ಹೋರಾ 1930ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇಂಥ ರಭಸದ ನೀರಿನ ಜೀವಿಗಳ ಬಗ್ಗೆ ದೀರ್ಘ ಲೇಖನ ಪ್ರಕಟಿಸಿದರು. ಅವರು ಮೀನನ್ನೂ ಕೀಟವನ್ನೂ ಒಟ್ಟಿಗೆ ಇಟ್ಟು ನೋಡಿದರು. ನೀರಿನ ಹೊಡೆತ ಇಬ್ಬರಿಗೂ ಒಂದೇ. ಆದ್ದರಿಂದ ತಿನ್ನುವ ಮೀನೂ ತಿನ್ನಿಸಿಕೊಳ್ಳುವ ಹುಳುವೂ ಒಂದೇ ಬಗೆಯಲ್ಲಿ ಚಪ್ಪಟೆಯಾಗಿವೆ, ಒಂದೇ ಬಗೆಯಲ್ಲಿ ಕಲ್ಲಿಗೆ ಕಚ್ಚುತ್ತವೆ. ಈ ಸಣ್ಣ ಮೀನುಗಳ ಗಣತಿ ಇನ್ನೂ ಮುಗಿದಿಲ್ಲ. ಶರಾವತಿಯಿಂದ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಮೀಸೆಮೀನು 2004ರಲ್ಲಿ, ನಾಗೋಡಿಯ ಹಳ್ಳದಿಂದ ಶಿಸ್ಟುರಾ ನಾಗೋಡಿಯೆನ್ಸಿಸ್ 2006ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಸೇರಿದವು. ನಮ್ಮ ಊರಿನ ಹೆಸರು ಹೊತ್ತ ಮೀನು ಏನು ತಿನ್ನುತ್ತದೆ ಎಂದು ನಮ್ಮ ಕಾಲೇಜಿನ ವಿದ್ಯಾರ್ಥಿ ಹೇಳಲಾರ. ಇದು ಆಕ್ಷೇಪಣೆಯಲ್ಲ, ಕೆಲಸ ಬಾಕಿಯಿದೆ ಎಂಬ ಸೂಚನೆ.

ಒಂದು ಸಂಗತಿ ಸೇರಿಸಿ ಈ ಭಾಗವನ್ನು ಮುಗಿಸುತ್ತೇನೆ. ಕಲ್ಲಿನಡಿ ಕೂತ ಹುಳು ಮೀನಿನ ಬಾಯಿಗೆ ಬರುವುದು ಹೇಗೆ? ಕೆಲವು ಮೀನುಗಳು ಸಂದಿಗೆ ಹೋಗಿ ಹೆಕ್ಕುತ್ತವೆ ನಿಜ. ಆದರೆ ಅನೇಕ ಹುಳುಗಳು ತಾವಾಗಿಯೇ ಕಲ್ಲು ಬಿಟ್ಟು ಹರಿವಿನಲ್ಲಿ ತೇಲುತ್ತಾ ಕೆಳಗಿನ ಇನ್ನೊಂದು ಕಲ್ಲಿಗೆ ಸಾಗುತ್ತವೆ. ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಹೆದರಿ ಈ ಪ್ರಯಾಣವನ್ನು ರಾತ್ರಿಗೆ ಇಟ್ಟುಕೊಳ್ಳುತ್ತವೆ. ಕತ್ತಲಾದ ಕೂಡಲೇ ತೇಲುವ ಹುಳುಗಳ ಸಂಖ್ಯೆ ಏಕಾಏಕಿ ಏರುತ್ತದೆ ಎಂಬುದನ್ನು 1960ರ ದಶಕದ ಆರಂಭದಲ್ಲಿ ಜಪಾನ್ ಮತ್ತು ಅಮೆರಿಕದ ಹೊಳೆಗಳಲ್ಲಿ ಬಲೆಯಿಟ್ಟು ಅಳೆದು ತೋರಿಸಿದರು. ಮುಸ್ಸಂಜೆಯಲ್ಲಿ ಗಾಳಕ್ಕೆ ಮೀನು ಚೆನ್ನಾಗಿ ಕಚ್ಚುತ್ತದೆ ಎಂದು ಹೊಳೆದಂಡೆಯ ಹಿರಿಯರು ಹೇಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇಲ್ಲಿಂದ ಮೂರನೆಯ ಭಾಗಕ್ಕೆ ಹೊರಳುತ್ತೇನೆ. ಮೀನಿಗೆ ಹುಳು ಅನ್ನವಾದರೆ, ಹುಳುವಿಗೆ ಅನ್ನ ಯಾವುದು?

ಬಯಲುನಾಡಿನ ನದಿಗೆ ಬಿಸಿಲು ಬೀಳುತ್ತದೆ; ಅಲ್ಲಿ ಪಾಚಿ ಬೆಳೆದು ಆಹಾರ ಹುಟ್ಟುತ್ತದೆ. ಘಟ್ಟದ ಹಳ್ಳಗಳ ಕಥೆ ಬೇರೆ. ಎರಡೂ ದಡದ ಮರಗಳು ಮೇಲೆ ಕೂಡಿಕೊಂಡು ಮಧ್ಯಾಹ್ನದಲ್ಲೂ ಮಬ್ಬು. ಪಾಚಿ ಕಡಿಮೆ. ಅಲ್ಲಿ ಹೊಳೆಯ ಮೊದಲ ಬಂಡವಾಳ ಕಾಡಿನ ತರಗೆಲೆ. ಆದರೆ ನೀರಿಗೆ ಬಿದ್ದ ಎಲೆಯನ್ನು ಯಾವ ಹುಳುವೂ ಆ ಕ್ಷಣವೇ ತಿನ್ನುವುದಿಲ್ಲ. ಅದರ ಮೇಲೆ ಮೊದಲು ಶಿಲೀಂಧ್ರ ಹತ್ತಬೇಕು. ಓಡುವ ನೀರಿನಲ್ಲಿ ಎಲೆಗಳ ಮೇಲೆ ಬೆಳೆಯುವ, ನಕ್ಷತ್ರದಂತೆ ಕವಲೊಡೆದ ಬೀಜಕಣಗಳನ್ನು ಹೊರಬಿಡುವ ಒಂದು ಶಿಲೀಂಧ್ರ ಲೋಕವೇ ಇದೆ ಎಂದು ಇಂಗ್ಲೆಂಡಿನ ಸಿ. ಟಿ. ಇಂಗೋಲ್ಡ್ 1942ರಲ್ಲಿ ತೋರಿಸಿದರು. ನಮ್ಮ ಘಟ್ಟದ ಹಳ್ಳಗಳಲ್ಲಿ ಇದೇ ಲೋಕವನ್ನು ದಶಕಗಳ ಕಾಲ ಹುಡುಕಿ ದಾಖಲಿಸಿದವರು ಮಂಗಳೂರು ವಿಶ್ವವಿದ್ಯಾಲಯದ ಕೆ. ಎಂ. ಕಾವೇರಿಯಪ್ಪ, ಕೆ. ಆರ್. ಶ್ರೀಧರ್ ಮತ್ತು ಅವರ ವಿದ್ಯಾರ್ಥಿಗಳು. ಹಳ್ಳದ ಕಟ್ಟೆಯಲ್ಲಿ ನಿಂತ ನೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಈ ಬೀಜಕಣಗಳು ರಾಶಿಯಾಗಿ ಸಿಗುತ್ತವೆ. ಶಿಲೀಂಧ್ರ ಹತ್ತಿದ ಎಲೆ ಮೆತ್ತಗಾಗುತ್ತದೆ, ಸಾರವೂ ಹೆಚ್ಚುತ್ತದೆ. ಆ ಮೇಲೆ ಏಡಿ, ಸೀಗಡಿ, ಕೆಲವು ಕ್ಯಾಡಿಸ್ ಮರಿಗಳು ಅದನ್ನು ಹರಿದು ತಿನ್ನುತ್ತವೆ. ಅವು ಉಳಿಸಿದ ಚೂರು, ಹಾಕಿದ ಹಿಕ್ಕೆ ಹರಿವಿನಲ್ಲಿ ಕೆಳಗೆ ಹೋಗಿ ಬಲೆ ನೇಯುವ ಹುಳುಗಳಿಗೆ, ಕೆಸರಿನ ಕೈರೊನೊಮಿಡ್‌ಗಳಿಗೆ ಊಟವಾಗುತ್ತದೆ. ಬೆಟ್ಟದ ಮೇಲಿನ ಒಂದು ಮರದ ಎಲೆ ಹತ್ತಾರು ಕಿಲೋಮೀಟರ್ ಕೆಳಗಿನ ಮಡುವಿನ ಮೀನಾಗಿ ಕೂಡುವ ದಾರಿ ಇದು.

ಎಲೆ ಯಾವುದು ಎಂಬುದೂ ಮುಖ್ಯ. ನೂರು ಜಾತಿಯ ಮರಗಳ ಕಾಡಿನಲ್ಲಿ ಬೇಗ ಕೊಳೆಯುವ ಎಲೆ, ತಡವಾಗಿ ಕೊಳೆಯುವ ಎಲೆ ಎರಡೂ ಇರುವುದರಿಂದ ಹಳ್ಳದ ಉಗ್ರಾಣ ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ. ಗುಡ್ಡದ ತುಂಬ ಅಕೇಶಿಯ ನೆಟ್ಟರೆ ಆ ಗಡುಸು ಎಲೆಯೊಂದೇ ಬಂದು ಬೀಳುತ್ತದೆ. ಹಸಿರು ಹೊದಿಕೆಯ ಅಂಕಿಅಂಶದಲ್ಲಿ ಎರಡೂ ಕಾಡೇ. ಹುಳುವಿನ ಲೆಕ್ಕದಲ್ಲಿ ಅಲ್ಲ.

ಇನ್ನು ಒಂದು ಒಗಟು. ನ್ಯೂಜಿಲೆಂಡಿನ ಹೊರೋಕಿವಿ ಎಂಬ ಹೊಳೆಯಲ್ಲಿ ಕೆ. ಆರ್. ಆಲೆನ್ ಎಂಬ ವಿಜ್ಞಾನಿ ಟ್ರೌಟ್ ಮೀನುಗಳ ಮೇಲೆ ನಡೆಸಿದ ಅಧ್ಯಯನ 1951ರಲ್ಲಿ ಪ್ರಕಟವಾಯಿತು. ಮೀನುಗಳು ಅಷ್ಟು ಬೆಳೆಯಬೇಕಾದರೆ ವರ್ಷಕ್ಕೆ ಎಷ್ಟು ತಿಂದಿರಬೇಕು ಎಂದು ಅವರು ಲೆಕ್ಕ ಹಾಕಿದರು. ತಳದಲ್ಲಿ ಯಾವುದೇ ಒಂದು ದಿನ ಸಿಗುವ ಹುಳುಗಳ ಒಟ್ಟು ತೂಕಕ್ಕಿಂತ ಅದು ಎಷ್ಟೋ ಪಟ್ಟು ಹೆಚ್ಚಾಗಿತ್ತು. ಇಲ್ಲದ ಊಟವನ್ನು ಮೀನು ತಿಂದದ್ದು ಹೇಗೆ? ಇದಕ್ಕೆ ಆಲೆನ್ ವಿರೋಧಾಭಾಸ ಎಂಬ ಹೆಸರೇ ಬಂತು. ಮುಂದಿನವರು ಹಲವು ಉತ್ತರ ಕೊಟ್ಟರು. ಮರದಿಂದ ಬೀಳುವ ಇರುವೆ, ಮಿಡತೆಗಳು ಸೇರುತ್ತವೆ. ಬಲೆಗೆ ಸಿಗದಷ್ಟು ಆಳದಲ್ಲಿ, ಜಲ್ಲಿಯ ಒಳಗೆ ಹುಳುಗಳಿವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಹುಳುಗಳ ಪೀಳಿಗೆಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ದಿನಸಿ ಅಂಗಡಿಯ ಕಪಾಟಿನಲ್ಲಿ ಇವತ್ತು ಇರುವ ಸರಕು ನೋಡಿ ವರ್ಷದ ವ್ಯಾಪಾರ ಹೇಳಲು ಬಾರದು ಎಂಬಂತೆ. ನಮ್ಮಂಥ ಬೆಚ್ಚನೆಯ ನಾಡಿನಲ್ಲಿ ಈ ಮಾತು ಇನ್ನೂ ಹೆಚ್ಚು ಅನ್ವಯ. ಶೀತದೇಶದಲ್ಲಿ ವರ್ಷಕ್ಕೊಂದು ಪೀಳಿಗೆ ಕಾಣುವ ಕೀಟಗಳ ಬಂಧುಗಳು ಇಲ್ಲಿ ವರ್ಷದಲ್ಲಿ ಹಲವು ಪೀಳಿಗೆ ಮುಗಿಸುತ್ತವೆ. ಕೆಲವು ಕೈರೊನೊಮಿಡ್‌ಗಳಿಗೆ ಮೊಟ್ಟೆಯಿಂದ ಹಾರುವ ನೊರಜಾಗಲು ಕೆಲವೇ ವಾರ ಸಾಕು. ಆದ್ದರಿಂದ ನಮ್ಮ ಹಳ್ಳದ ಕಲ್ಲಿನಡಿ ಹುಳು ಕಡಿಮೆ ಕಂಡರೆ ಹಳ್ಳ ಬಡವಾಗಿದೆ ಎಂದು ಅವಸರದಲ್ಲಿ ತೀರ್ಮಾನಿಸಬಾರದು. ಹುಟ್ಟಿದ್ದು ಹುಟ್ಟಿದಂತೆ ತಿಂದು ಹೋಗಿರಬಹುದು.

ಇದಕ್ಕೊಂದು ಕಾಲಮಾನವೂ ಇದೆ. ಜೂನ್, ಜುಲೈನ ಕೆಂಪು ನೀರು ಕಲ್ಲುಗಳನ್ನೇ ಉರುಳಿಸುತ್ತದೆ. ತಳದ ಜೀವಿಗಳು ಕೊಚ್ಚಿಹೋಗಿ ಸಂಖ್ಯೆ ಕುಸಿಯುತ್ತದೆ. ಅದೇ ಹೊತ್ತಿಗೆ ಮೀನುಗಳು ಹೊಳೆ ಬಿಟ್ಟು ಮೇಲಕ್ಕೆ, ಸಣ್ಣ ಹಳ್ಳಗಳಿಗೆ, ಗದ್ದೆಯ ಕಾಲುವೆಗಳಿಗೆ ಹತ್ತುತ್ತವೆ. ಮಲೆನಾಡಿಗರ ಹತ್ತುಮೀನಿನ ಸಂಭ್ರಮ ಇದೇ. ಮೊಟ್ಟೆಯಿಡಲು ಸುರಕ್ಷಿತ ಜಾಗ ಹುಡುಕಿ ಅವು ಬರುತ್ತವೆ. ಮರಿಗಳಿಗೆ ಬೇಕಾದ ಸಣ್ಣ ಹುಳುಹುಪ್ಪಟೆ ಆಗ ತುಂಬಿರುವುದು ದೊಡ್ಡ ಹೊಳೆಯಲ್ಲಲ್ಲ, ನಿಧಾನವಾಗಿ ನೀರು ನಿಂತು ಹರಿಯುವ ಆ ಗದ್ದೆಬಯಲಿನಲ್ಲಿ. ಮಳೆ ಹಿಂದೆ ಸರಿದ ಮೇಲೆ ತಳ ಮತ್ತೆ ತುಂಬಿಕೊಳ್ಳುತ್ತದೆ; ಹೊಳೆಗಿಳಿದ ಮರಿಗಳು ಆ ಸಮೃದ್ಧಿಗೆ ಬಂದು ಕೂಡುತ್ತವೆ. 

ಮೀನು ತಳದಿಂದ ಬರೀ ತೆಗೆದುಕೊಳ್ಳುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಸಿಹಿನೀರಿನ ಕಪ್ಪೆಚಿಪ್ಪುಗಳ ಮರಿಗಳು ಹುಟ್ಟಿದ ಮೇಲೆ ಯಾವುದಾದರೂ ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಂಡು ಕೆಲಕಾಲ ಪರಾವಲಂಬಿಯಾಗಿ ಬದುಕಬೇಕು. ತಾಯಿ ಚಿಪ್ಪು ಹರಿವಿಗೆ ಎದುರಾಗಿ ಹೆಚ್ಚು ದೂರ ಸಾಗಲಾರದು. ಅದರ ಮರಿ ಮೀನಿನ ಬೆನ್ನೇರಿ ಮೇಲ್ದಂಡೆಗೆ ಹೋಗಿ, ಅಲ್ಲಿ ಕಳಚಿ ಬಿದ್ದು ಹೊಸ ಸಂಸಾರ ಹೂಡುತ್ತದೆ. ಮೀನು ಮಾಯವಾದರೆ ಚಿಪ್ಪಿನ ಮುದುಕರು ಮಾತ್ರ ಉಳಿದು, ಮರಿಗಳಿಲ್ಲದೆ ಒಂದು ದಿನ ವಂಶ ನಿಲ್ಲುತ್ತದೆ.

ಈಗ ನಾಲ್ಕನೆಯ ಭಾಗ. ಮೀನು ಕಡಿಮೆಯಾದುದಕ್ಕೆ ನಾವು ಸಾಮಾನ್ಯವಾಗಿ ಕೊಡುವ ಕಾರಣಗಳು ತೋಟೆ ಸಿಡಿಸುವುದು, ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆ. ಎಲ್ಲ ನಿಜ. ಇವುಗಳಲ್ಲಿ ವಿಷ ಮೀನನ್ನೂ ಅದರ ಊಟವನ್ನೂ ಒಟ್ಟಿಗೇ ಕೊಲ್ಲುತ್ತದೆ. ಆದರೆ ಯಾರೂ ಮೀನು ಹಿಡಿಯದ ಹೊಳೆಯಲ್ಲೂ ಮೀನು ಕಡಿಮೆಯಾಗುವುದಿದೆ. ಆಗ ತಳ ನೋಡಬೇಕು.

ಹೂಳಿನಿಂದ ಆರಂಭಿಸೋಣ. ಕಲ್ಲು ಮತ್ತು ಕಲ್ಲಿನ ನಡುವಿನ ಸಂದಿಯೇ ಹುಳುವಿನ ಮನೆ. ನುಣ್ಣನೆಯ ಮಣ್ಣು ಬಂದು ಆ ಸಂದಿ ಮುಚ್ಚಿದರೆ ಮನೆ ಹೋಯಿತು, ಕಿವಿರು ಕಟ್ಟಿತು, ಕಲ್ಲಿನ ಮೇಲಿನ ಪಾಚಿ ಹೂತುಹೋಯಿತು. ಭದ್ರೆಯ ಮೇಲ್ಭಾಗದಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಅಲ್ಲಿನ ಹೂಳನ್ನು ಅಳೆದ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಜಲಾನಯನದ ಅತಿ ಸಣ್ಣ ಭಾಗವಾದ ಗಣಿ ಪ್ರದೇಶವೇ ಹೊಳೆಗೆ ಸೇರುವ ಹೂಳಿನ ಬಹುದೊಡ್ಡ ಪಾಲನ್ನು ಕೊಡುತ್ತಿತ್ತು ಎಂದು ಅದು ತೋರಿಸಿತು. ಗಣಿ ನಿಂತ ಮಾತ್ರಕ್ಕೆ ತಳ ಮರುದಿನ ತೊಳೆದುಹೋಗುವುದಿಲ್ಲ. ಮತ್ತು ಗಣಿಯನ್ನು ಬೈದು ಸುಮ್ಮನಾಗುವವರು ತಮ್ಮ ಊರಿನ ಗುಡ್ಡ ಸೀಳುವ ರಸ್ತೆ ಕಾಮಗಾರಿ, ಜೆಸಿಬಿಯಲ್ಲಿ ನೆಲಸಮ ಮಾಡುವ ತೋಟಗಳ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದೂ ನೋಡಬೇಕು.

ಮರಳು ತೆಗೆಯುವುದು ಇದಕ್ಕೆ ತಿರುವುಮುರುವು. ಹೂಳು ಮನೆಯನ್ನು ಮುಚ್ಚಿದರೆ ಮರಳುಗಾರಿಕೆ ಮನೆಯನ್ನೇ ಹೊತ್ತೊಯ್ಯುತ್ತದೆ. ಕಪ್ಪೆಚಿಪ್ಪು ಲಾರಿ ಹತ್ತಿ ಕಟ್ಟಡದ ಗಾರೆಯಲ್ಲಿ ಸೇರುತ್ತದೆ.

ಕಾಫಿಸೀಮೆಯವರು ಇಲ್ಲಿ ಹಲವರಿದ್ದೀರಿ, ಬೇಸರಿಸಬಾರದು. ಹಣ್ಣು ಪಲ್ಪಿಂಗ್ ಮಾಡಿದ ನೀರಿನಲ್ಲಿ ಸಕ್ಕರೆ ಮತ್ತು ಲೋಳೆಯ ಅಂಶ ತುಂಬ. ಅದು ಹಳ್ಳಕ್ಕೆ ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ಕೊಯ್ಲಿನ ಕಾಲ ಡಿಸೆಂಬರಿನಿಂದ ಫೆಬ್ರವರಿ. ಹಳ್ಳದ ನೀರು ಇಳಿಯುವ, ತಳದ ಜೀವಿಗಳು ಅತಿ ಸಮೃದ್ಧವಾಗಿರುವ ಕಾಲವೂ ಅದೇ. ಸ್ಟೋನ್‌ಫ್ಲೈ, ಮೇಫ್ಲೈ ಮರಿಗಳು ಮೊದಲು ಹೋಗುತ್ತವೆ. ಉಳಿಯುವುದು ಕೆಂಪು ಕೈರೊನೊಮಿಡ್ ಹುಳು. ಅದರ ದೇಹದಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇರುವುದರಿಂದ ಅಲ್ಪ ಆಮ್ಲಜನಕದಲ್ಲೂ ಬದುಕಬಲ್ಲದು. ಇಲ್ಲಿ ಒಂದು ಸೂಕ್ಷ್ಮವಿದೆ. ತೂಕ ಹಾಕಿದರೆ ಕೆಟ್ಟ ಹಳ್ಳದಲ್ಲಿ ಹುಳು ಹೆಚ್ಚೇ ಸಿಗಬಹುದು. ಊಟ ಇದೆಯಲ್ಲ ಎನ್ನಬಹುದು. ಆದರೆ ಆ ಊಟ ಉಣ್ಣಲು ಕೆಸರಿನಲ್ಲಿ, ಉಸಿರಿಲ್ಲದ ನೀರಿನಲ್ಲಿ ಬಾಳಬಲ್ಲ ಮೀನು ಬೇಕು. ತಿಲಾಪಿಯಾ, ಕಾಮನ್ ಕಾರ್ಪ್, 2000ದಲ್ಲೇ ನಿಷೇಧವಾಗಿಯೂ ಇನ್ನೂ ನಮ್ಮ ನೀರುಗಳಲ್ಲಿರುವ ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಅದು ಔತಣ. ಬಂಡೆಗೆ ಕಚ್ಚಿ ನಿಲ್ಲುವ ಘಟ್ಟದ ಮೀನಿಗೆ ಅಲ್ಲಿ ಬಾಗಿಲು ಮುಚ್ಚಿದೆ. ಹುಳುವಿನ ಜಾತಿ ಬದಲಾದರೆ ಮೀನಿನ ಜಾತಿಯೂ ಬದಲಾಗುತ್ತದೆ, ಹೊಳೆ ಮಾತ್ರ ಹೊರಗಿನಿಂದ ಹಾಗೆಯೇ ಕಾಣುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವ ಇಲ್ಲದೆ ಮಲೆನಾಡಿನ ಬದುಕಿಲ್ಲ, ಅದನ್ನು ಬಲ್ಲೆ. ಅದರಲ್ಲಿರುವ ಮೈಲುತುತ್ತದ ತಾಮ್ರ ಬಸವನಹುಳುಗಳಿಗೂ ಪಾಚಿಗೂ ತೀವ್ರ ವಿಷ ಎಂಬುದೂ ಅಷ್ಟೇ ನಿಜ. ಔಷಧಿ ಕಲಸುವ ಡ್ರಮ್ಮನ್ನು ಹಳ್ಳದ ದಡದಲ್ಲಿ ಇಡದಿರುವುದು, ಅದನ್ನು ಹರಿಯುವ ನೀರಿನಲ್ಲಿ ತೊಳೆಯದಿರುವುದು ಯಾವ ರೈತರಿಗೂ ಭಾರವಲ್ಲ.

ಅಣೆಕಟ್ಟಿನ ಬಗ್ಗೆ ಎರಡು ಮಾತು. ಕೃಷ್ಣರಾಜಸಾಗರ, ತುಂಗಭದ್ರಾ, ಲಿಂಗನಮಕ್ಕಿ ನಮ್ಮ ಅನ್ನಕ್ಕೂ ದೀಪಕ್ಕೂ ಕಾರಣ. ಹಿನ್ನೀರಿನ ಮೀನುಗಾರಿಕೆಯಿಂದ ಬದುಕುವ ಸಂಸಾರಗಳೂ ಸಾಕಷ್ಟಿವೆ. ಆದರೆ ಹಿನ್ನೀರು ಹೊಳೆಯಲ್ಲ. ಆಳದ ತಳದಲ್ಲಿ ಆಮ್ಲಜನಕ ಕಡಿಮೆ. ದಂಡೆಯ ಭಾಗ ಪ್ರತಿವರ್ಷ ಮುಳುಗಿ ಏಳುತ್ತದೆ. ಲಿಂಗನಮಕ್ಕಿಯ ನೀರು ತೀರ ಇಳಿದ ಬೇಸಿಗೆಗಳಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ, ಜನ ನೋಡಲು ಹೋಗುತ್ತಾರೆ. ಅಲ್ಲಿಯವರೆಗೆ ಇಳಿದ ನೀರು ಎಷ್ಟು ವಿಸ್ತಾರದ ತಳವನ್ನು ಬಿಸಿಲಿಗೆ ಬಿಟ್ಟಿದೆ ಎಂಬುದನ್ನೂ ಆ ದಿನ ಗಮನಿಸಬಹುದು. ಬಿರುಕುಬಿಟ್ಟ ಆ ನೆಲದಲ್ಲಿ ಕಪ್ಪೆಚಿಪ್ಪು, ಹುಳು ಎಲ್ಲ ಒಣಗಿರುತ್ತವೆ. ವಿದ್ಯುದಾಗಾರದ ಕೆಳಗಿನ ಹೊಳೆಗೆ ಇನ್ನೊಂದು ಕಷ್ಟ. ಕರೆಂಟಿನ ಬೇಡಿಕೆಗೆ ತಕ್ಕಂತೆ ನೀರು ಬಿಟ್ಟು ನಿಲ್ಲಿಸುವುದರಿಂದ ಒಂದೇ ಕಲ್ಲು ದಿನದಲ್ಲಿ ಮುಳುಗುತ್ತದೆ, ಒಣಗುತ್ತದೆ.

ಇದೆಲ್ಲದಕ್ಕೆ ನಾವು ಕಂಡುಕೊಂಡ ಪರಿಹಾರ ಮರಿ ಬಿತ್ತನೆ. ಕಾವೇರಿಯ ಗೂನುಬೆನ್ನಿನ ಮಹಸೀರ್ ಕಥೆ ಇಲ್ಲಿ ಪಾಠದಂತಿದೆ. ಲೋನಾವಳದಲ್ಲಿ 1970ರ ದಶಕದಿಂದ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಮಹಸೀರ್ ಉಳಿಸುವ ಸದುದ್ದೇಶದಿಂದಲೇ ಕಾವೇರಿಗೂ ತಂದುಬಿಟ್ಟರು. ಅವು ಹೆಚ್ಚಿದವು, ಗೂನುಬೆನ್ನಿನ ಮೂಲನಿವಾಸಿ ಕುಗ್ಗಿತು. ಜಗತ್ತಿನಾದ್ಯಂತ ಹೆಸರಾಗಿದ್ದ ಆ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿ ಎಂದೂ ಘೋಷಣೆಯಾಯಿತು. ಹೊಳೆಯಲ್ಲಿ ಊಟ ಎಷ್ಟಿದೆ, ಈಗಾಗಲೇ ಉಣ್ಣುತ್ತಿರುವವರು ಯಾರು ಎಂದು ಕೇಳದೆ ಹೊಸ ಪಂಕ್ತಿ ಕೂರಿಸುವುದನ್ನು ನಾನು ಸಂರಕ್ಷಣೆ ಎಂದು ಒಪ್ಪುವುದಿಲ್ಲ. ದೇವಸ್ಥಾನಗಳ ಮತ್ಸ್ಯಧಾಮಗಳ ಬಗ್ಗೆ ನನಗೆ ಗೌರವವಿದೆ. ಕಾನೂನಿಗಿಂತ ಹಿಂದಿನಿಂದಲೂ ಅವು ಮೀನಿಗೆ ಅಭಯ ಕೊಟ್ಟಿವೆ. ಆದರೆ ಮಂಡಕ್ಕಿಗೆ ಮುತ್ತುವ ಮೀನಿನ ಹಿಂಡು ಹೊಳೆಯ ಆರೋಗ್ಯದ ಪ್ರಮಾಣಪತ್ರವಾಗಲಾರದು. ಆ ಮೀನುಗಳ ಮರಿಗಳು ಮೇಲಿನ ಯಾವ ಹಳ್ಳದಲ್ಲಿ ಏನು ತಿಂದು ಬೆಳೆದವು ಎಂಬುದು ಗೊತ್ತಾಗಬೇಕು.

ಕೊನೆಯದಾಗಿ ಈ ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಇಳಿಯುತ್ತೇನೆ. ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ಕೆ. ಎ. ಸುಬ್ರಮಣಿಯನ್ ಮತ್ತು ಕೆ. ಜಿ. ಶಿವರಾಮಕೃಷ್ಣನ್ ಬರೆದ ಸಣ್ಣ ಕೈಪಿಡಿಯೊಂದನ್ನು ಪ್ರಕಟಿಸಿದೆ. ಜಲಕೀಟಗಳನ್ನು ಗುರುತಿಸಿ ಹೊಳೆಯ ಸ್ಥಿತಿ ಅಳೆಯುವ ಕ್ರಮ ಅದರಲ್ಲಿದೆ. ಒಂದು ಬಲೆ, ಒಂದು ಬಿಳಿ ಟ್ರೇ, ಕೈಮಸೂರ ಸಾಕು. ನಿಮ್ಮ ಊರಿನ ಹಳ್ಳದಲ್ಲಿ ಒಂದೇ ಜಾಗವನ್ನು ಗೊತ್ತುಮಾಡಿಕೊಂಡು, ಪ್ರತಿವರ್ಷ ಜನವರಿಯಲ್ಲಿ ಅಷ್ಟೇ ಸಂಖ್ಯೆಯ ಕಲ್ಲು ಎತ್ತಿ, ಕಂಡ ಜೀವಿಗಳನ್ನು ಕುಟುಂಬದ ಮಟ್ಟಕ್ಕೆ ಗುರುತಿಸಿ ಬರೆದಿಡಿ. ಎತ್ತಿದ ಕಲ್ಲನ್ನು ಮಗುಚಿದಂತೆಯೇ ಬಿಡದೆ ಮೊದಲಿದ್ದಂತೆ ಇಡಿ. ಅಂದಿನ ಸಂತೆಯಲ್ಲಿ ಆ ಹೊಳೆಯ ಮೀನು ಮಾರಾಟಕ್ಕಿದ್ದರೆ ಮಾರುವವರ ಅನುಮತಿ ಪಡೆದು ಶುಚಿಮಾಡಿ ಎಸೆಯುವ ಕರುಳನ್ನು ಕೇಳಿ ತಂದು ಬಿಚ್ಚಿ ನೋಡಿ. ಇದಕ್ಕಾಗಿ ಒಂದು ಮೀನನ್ನೂ ಕೊಲ್ಲಬೇಕಾಗಿಲ್ಲ. ಕಲ್ಲಿನಡಿಯ ಪಟ್ಟಿಯನ್ನೂ ಕರುಳಿನ ಪಟ್ಟಿಯನ್ನೂ ಅಕ್ಕಪಕ್ಕ ಇಡಿ. ಹತ್ತು ವರ್ಷದ ಅಂಥ ದಾಖಲೆ ಯಾವ ಕಾಲೇಜಿನಲ್ಲಿದ್ದರೂ, ಆ ಹೊಳೆಗೆ ಮರಿ ಬಿಡಬೇಕೇ, ಯಾವ ಮರಿ ಬಿಡಬೇಕು ಎಂದು ಇಲಾಖೆಯವರು ಮೊದಲು ಕೇಳಬೇಕಾದದ್ದು ಆ ಕಾಲೇಜನ್ನು.